ಕಿಟಕಿಯಿಂದ ಮೂರನೆಯ ಕೊಕ್ಕೆ

ಆ ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಹೇಳದಿದ್ದರೆ ಮರೆತರೆಂದು ಮುನಿಸಿಕೊಳ್ಳುತ್ತಾರೆ. ಎರಡರಲ್ಲಿ ಮುನಿಸೇ ವಾಸಿ. ಒಂದು ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯಾಚೆ ಕಲ್ಲಿನ ಮನೆಗಳು, ಮನೆಗಳ ಮೇಲೆ ವರ್ಷದಲ್ಲಿ ಹತ್ತು ತಿಂಗಳು ಮಂಜು. ನಾಲ್ಕು ಬೀದಿ ಕೂಡುವಲ್ಲಿ ಒಂದು ಪಬ್ಬು. ಅದರ ಬಾಗಿಲ ಮೇಲೊಂದು ತೂಗುಹಲಗೆ. ಹಲಗೆಯಲ್ಲಿ ಮೂರು ಕಾಲೂರಿ ನಾಲ್ಕನೆಯದನ್ನು ಎತ್ತಿಕೊಂಡು ನಿಂತ ಜಿಂಕೆ. ಕುಂಟ ಜಿಂಕೆ ಎಂದೇ ಆ ಪಬ್ಬಿಗೆ ಹೆಸರು.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಲೋಟ ಮಗುಚುವ ತನಕ ಅಲ್ಲಿ ಯಾರೂ ಸತ್ತಂತಲ್ಲ.

ಪಬ್ಬಿನ ಕೌಂಟರಿನ ಮೇಲೆ ಅಡ್ಡಲಾಗಿ ಹಾದ ಕಪ್ಪು ತೊಲೆಗೆ ನಲವತ್ತೊಂದು ಕೊಕ್ಕೆಗಳು. ಕೊಕ್ಕೆಗೊಂದರಂತೆ ಹಿಡಿಯುಳ್ಳ ದೊಡ್ಡ ಮಣ್ಣಿನ ಲೋಟ. ಕಂದು ಬಣ್ಣದವು, ಒಂದೇ ಆವಿಗೆಯಲ್ಲಿ ಬೆಂದವು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಊರಿನ ಗಂಡಸು ಪ್ರಾಯಕ್ಕೆ ಬಂದ ದಿನ ಅವನಿಗೊಂದು ಲೋಟ, ಒಂದು ಕೊಕ್ಕೆ. ಲೋಟದ ಮೇಲೆ ಹೆಸರು ಬರೆಯುವಂತಿಲ್ಲ. ಹೆಸರು ಕೆತ್ತುವುದು ಗೋರಿಕಲ್ಲಿನ ಮೇಲೆ. ಬದುಕಿರುವವನಿಗೆ ಕೊಕ್ಕೆ ಸಾಕು.

ಅವನು ಸತ್ತ ದಿನ ಪಬ್ಬಿನ ಯಜಮಾನ ಆ ಲೋಟವನ್ನು ಇಳಿಸಿ ಬಿಯರು ತುಂಬುತ್ತಾನೆ. ಬಂದವರು ಒಬ್ಬೊಬ್ಬರೂ ಅದರಿಂದ ಒಂದೊಂದು ಗುಟುಕು ಕುಡಿಯುತ್ತಾರೆ. ಬದುಕಿದ್ದಾಗ ಅವನ ಎಂಜಲೆಂದರೆ ಮೂಗು ಮುರಿಯುತ್ತಿದ್ದವರೂ ಅವತ್ತು ಪ್ರಸಾದಕ್ಕೆ ಚಾಚಿದಂತೆ ಕೈ ಚಾಚುತ್ತಾರೆ. ಕೊನೆಯ ಗುಟುಕನ್ನು ಹೊಸ್ತಿಲಿಗೆ ಸುರಿದು, ಲೋಟವನ್ನು ಮಗುಚಿಟ್ಟು, ಯಜಮಾನ ಗಂಟೆಯನ್ನು ಮೂರು ಸಲ ಬಡಿದು ಹೇಳುತ್ತಾನೆ: "ಹೊತ್ತಾಯ್ತು, ಏಳಿ."

ದಿನವೂ ಪಬ್ಬು ಮುಚ್ಚುವಾಗ ಹೇಳುವ ಮಾತೂ ಅದೇ. ಆಗ ಗಂಟೆ ಒಂದೇ ಸಲ. ತಾತ ಮುತ್ತಾತಂದಿರ ಕಾಲದಿಂದ ಆ ಮಾತು ಊರಿನವರ ಕಾಲಿಗೆ ಎಷ್ಟು ರೂಢಿಯಾಗಿತ್ತೆಂದರೆ ಕಿವಿಗೆ ಬಿದ್ದ ಕೂಡಲೇ ಮಂಡಿ ತಾನಾಗಿ ನೆಟ್ಟಗಾಗುತ್ತಿತ್ತು. ಎಲ್ಲರೂ ಎದ್ದು ನಿಲ್ಲುತ್ತಾರೆ. ಸತ್ತವನೂ ಎದ್ದು ಹೋದನೆಂದು ಅರ್ಥ. ಅಲ್ಲಿಂದಾಚೆಗೆ ಅಳಬಹುದು. ಅದಕ್ಕೆ ಮೊದಲು ಅತ್ತರೆ ಹೋದವನು ದಾರಿ ತಪ್ಪಿ ಹೊಳೆಯ ಮೇಲಿನ ಮಂಜಿನಲ್ಲೇ ಸುತ್ತುತ್ತಿರುತ್ತಾನೆ ಎಂದು ನಂಬಿಕೆ. ಹೆಂಗಸರಿಗೆ ಲೋಟವಿರಲಿಲ್ಲ. ಹೆಂಗಸರು ಸತ್ತರೆ ಸತ್ತರು. ಅದಕ್ಕೆ ಸಾಕ್ಷಿ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಊರಿನಲ್ಲಿ ಒಬ್ಬ ಹೊಲಿಗೆಯಾಕೆ ಇದ್ದಳು. ಅವಳ ಗಂಡ ಸೇತುವೆ ಕಾಯುತ್ತಿದ್ದ. ಗಾಡಿ ಬಂದರೆ ಅಡ್ಡಮರ ಎತ್ತುವುದು, ಗಾಡಿ ಹೋದರೆ ಇಳಿಸುವುದು, ಇಷ್ಟೇ ಅವನ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ. ಸಂಜೆ ಅಡ್ಡಮರ ಇಳಿಸಿದವನು ನೇರ ಕುಂಟ ಜಿಂಕೆಗೆ ಹೋಗಿ, ಕಿಟಕಿಯಿಂದ ಮೂರನೆಯ ಕೊಕ್ಕೆಯ ಲೋಟದಲ್ಲಿ ಒಂದೇ ಒಂದು ಸಲ ಕುಡಿದು, ಗಂಟೆ ಬಡಿದಾಗ ಎದ್ದು ಮನೆಗೆ ಬರುತ್ತಿದ್ದ.

ಹೊಲಿಗೆಯಾಕೆಗೆ ಆ ಲೋಟವನ್ನು ಕಂಡರಾಗದು. ಕಂಡಿದ್ದರೆ ತಾನೇ? ಅವಳು ಪಬ್ಬಿನೊಳಕ್ಕೆ ಕಾಲಿಟ್ಟವಳೇ ಅಲ್ಲ. ಆದರೂ ಆ ಲೋಟದ ಎರಡು ಗುರುತು ಅವಳ ಮನೆಗೆ ಬಂದಿದ್ದವು. ಒಂದು, ಗಂಡನ ಅಂಗಿಯ ಎಡತೋಳಿನ ಅಂಚಿಗೆ ದಿನವೂ ಅಂಟುವ ಬಿಯರಿನ ಕಲೆ. ಎರಡು, ಅವನ ಕೆಳತುಟಿಯ ಮೇಲಿನ ಗಂಟು. ಲೋಟದ ಅಂಚು ಒಂದು ಕಡೆ ಸಿಡಿದಿತ್ತಂತೆ. ಮೊದಲ ವರ್ಷ ತುಟಿ ಕೊಯ್ದು ಕೊಯ್ದು, ಆಮೇಲೆ ಅಲ್ಲೊಂದು ಜೋಳದ ಕಾಳಿನಷ್ಟು ಗಂಟು ಕಟ್ಟಿತು.

"ಬೇರೆ ಲೋಟ ಇಸ್ಕೋಬಾರ್ದೇನ್ರೀ?" ಎಂದು ಅವಳು ಕೇಳುತ್ತಿದ್ದಳು.

"ಅದು ನಂಗೆ ಹೊಂದ್ಕೊಂಡಿದೆ ಕಣೆ," ಎನ್ನುತ್ತಿದ್ದ ಅವನು.

"ಹೊಂದ್ಕೊಂಡಿರೋದು ನಾನು. ಅದು ನನ್ನ ಸವತಿ," ಎಂದು ಅವಳು ತೋಳಿನ ಕಲೆ ಉಜ್ಜಲು ಕೂರುತ್ತಿದ್ದಳು. ಅವಳ ಮದುವೆಯ ಮೂವತ್ತು ವರ್ಷದ ಜಗಳವೆಲ್ಲ ಇಷ್ಟೇ.

ಪಬ್ಬೆಂದರೆ ಊರಿನವರಿಗೆ ಪ್ರಾಣ. ಆದರೆ ಹಿತ್ತಲ ಗಿಡ ಮದ್ದಲ್ಲ. ಪ್ರಾಣ ಹೋದಾಗ ಮಾತ್ರ ಅವರು ಅಲ್ಲಿಗೆ ಹೋಗುತ್ತಿದ್ದರು, ಒಂದು ಗುಟುಕು ಕುಡಿದು, ಕಣ್ಣೊರೆಸಿಕೊಂಡು, "ಇದೊಂದು ಇಲ್ದಿದ್ರೆ ನಮ್ಮೂರು ಊರೇ ಅಲ್ಲ" ಎಂದು ಹೇಳಿ ಬರುತ್ತಿದ್ದರು. ಉಳಿದ ದಿನ ತಂತಮ್ಮ ಮನೆಯ ಬೆಂಕಿಗೂಡಿನ ಮುಂದೆ ತಂತಮ್ಮ ಬಾಟಲಿ. ದಿನವೂ ಪಬ್ಬಿಗೆ ಹೋಗುತ್ತಿದ್ದವನು ಸೇತುವೆಯವನೊಬ್ಬನೇ. ಒಬ್ಬನಿಗಾಗಿ ಪೀಪಾಯಿ ಒಡೆದರೆ ಮಿಕ್ಕಿದ್ದು ಹುಳಿಯಾಗುತ್ತದೆ. ಕೊನೆಗೆ ಪಬ್ಬಿನ ಕಟ್ಟಡ ಯಾರದೋ ಆ ಕಂಪನಿಯವರು ಇಬ್ಬರು ಆಳುಗಳನ್ನು ಕಳಿಸಿದರು. ಅವರು ಕಿಟಕಿಗೂ ಬಾಗಿಲಿಗೂ ಹಲಗೆ ಬಡಿದರು. ಊರಿಗೆ ಊರೇ ಮಂಜಿನಲ್ಲಿ ನಿಂತು ನೋಡಿತು. ಎಲ್ಲರಿಗೂ ಸಂಕಟವಾಯಿತು. ಸಂಕಟವಾದ ಮೇಲೆ ಚಳಿಯೂ ಆಯಿತು, ಮನೆಗೆ ಹೋದರು.

ಸೇತುವೆಯವನು ಮಾತ್ರ ಮರುದಿನ ಸಂಜೆಯೂ ಹೋದ. ಹಲಗೆ ಬಡಿದ ಬಾಗಿಲ ಮುಂದೆ ಒಂದು ಲೋಟ ಕುಡಿಯುವಷ್ಟು ಹೊತ್ತು ನಿಂತ. ಗಂಟೆ ಬಡಿಯಬೇಕಾದ ಹೊತ್ತಿಗೆ ತಾನೇ ತಿರುಗಿ ಮನೆಗೆ ಬಂದ. ಅದರ ಮಾರನೆಯ ದಿನವೂ ಹಾಗೆಯೇ. ಹೀಗೆ ಹದಿನೆಂಟು ಸಂಜೆ ನಿಂತವನು ಹತ್ತೊಂಬತ್ತನೆಯ ದಿನ ಎದೆಗೆ ಶೀತ ಇಳಿದು ಹೋಗಿಬಿಟ್ಟ. ಆ ಹದಿನೆಂಟು ದಿನ ಅವನ ಎಡತೋಳಿನಲ್ಲಿ ಕಲೆಯಿರಲಿಲ್ಲ. ಉಜ್ಜಲು ಏನೂ ಇಲ್ಲದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯಾಕೆ ಕೂತಿದ್ದಳು. ಪಬ್ಬಿನ ಮೇಲಿನ ಅವಳ ಸಿಟ್ಟಿಗೆ ಆಗಲೇ ಮೊದಲ ಬಿರುಕು ಬಿದ್ದದ್ದು.

ಹೆಣವನ್ನು ಮಣ್ಣು ಮಾಡಿದರು. ಅದು ಆರೋಗ್ಯದ ವಿಷಯ, ಅದಕ್ಕೆ ಯಾರ ತಕರಾರೂ ಇಲ್ಲ. ಸಾವು ಬೇರೆ ವಿಷಯ. ಲೋಟ ಮುಚ್ಚಿದ ಪಬ್ಬಿನೊಳಗೆ ತೂಗುತ್ತಿದೆ, ಮಗುಚಿಲ್ಲ, ಆದ್ದರಿಂದ ಸೇತುವೆಯವನು ಸತ್ತಿಲ್ಲ.

ಬೀದಿಯಲ್ಲಿ ಸಿಕ್ಕವರು ಕೇಳುತ್ತಿದ್ದರು. "ಏನಮ್ಮ, ಯಜಮಾನ್ರು ಇನ್ನೂ ಬರ್ಲಿಲ್ವ?"

"ಹೊರಗೆ ಹೋಗಿದಾರೆ," ಎಂದು ಅವಳು ಹೇಳಬೇಕಿತ್ತು, ಹೇಳುತ್ತಿದ್ದಳು.

ಊಟದ ಹೊತ್ತಿಗೆ ಅವನ ತಟ್ಟೆ ಇಡಬೇಕಿತ್ತು, ಇಡುತ್ತಿದ್ದಳು. ಸೇತುವೆ ಇಲಾಖೆಯಿಂದ ಕಾಗದ ಬಂತು: ಕೆಲಸಕ್ಕೆ ಯಾಕೆ ಬರುತ್ತಿಲ್ಲ, ಮೂರು ದಿನದೊಳಗೆ ಖುದ್ದಾಗಿ ಬಂದು ತಿಳಿಸತಕ್ಕದ್ದು. ಅವಳು ಕಾಗದವನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಎದೆಯೊಳಗೆ ಅಳು ಹೆಪ್ಪುಗಟ್ಟಿ ಕೂತಿತ್ತು. ರಾತ್ರಿ ಹಗಲು ಅದು ಗಂಟಲವರೆಗೆ ಬರುವುದು, ಅವಳು ನುಂಗುವುದು. ಅತ್ತರೆ ಅವನು ದಾರಿ ತಪ್ಪಿಯಾನು. ಮೂವತ್ತು ವರ್ಷದಲ್ಲಿ ಒಂದು ದಿನವೂ ದಾರಿ ತಪ್ಪಿ ಬೇರೆ ಮನೆಗೆ ಹೋದವನಲ್ಲ, ಈಗ ತನ್ನಿಂದ ತಪ್ಪುವುದು ಬೇಡವೆಂದು ಹಲ್ಲು ಕಚ್ಚಿಕೊಂಡಿದ್ದಳು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಪಬ್ಬು ಮುಚ್ಚಿ ಎರಡು ತಿಂಗಳಾದ ಮೇಲೆ ಊರಿನವರು ಪಬ್ಬು ಉಳಿಸುವ ಸಮಿತಿ ಮಾಡಿದರು. ಊರ ಗುಮಾಸ್ತನೇ ಅದರ ಕಾರ್ಯದರ್ಶಿ. ಅಧ್ಯಕ್ಷ ಯಾರಾಗಬೇಕೆಂದು ಮೂರು ವಾರ ಜಗಳವಾಯಿತು. ಆಮೇಲೆ ಗುಮಾಸ್ತನಿಗೆ ಹೊಳೆಯಿತು: ಪಬ್ಬನ್ನು ನಿಜವಾಗಿ ಪ್ರೀತಿಸಿದವನು ಸೇತುವೆಯವನು, ಸತ್ತಿಲ್ಲ, ಎದುರು ಮಾತಾಡುವುದಿಲ್ಲ. ಸರ್ವಾನುಮತದಿಂದ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು.

ಅಧ್ಯಕ್ಷರಿರುವಲ್ಲೇ ಸಭೆ. ಹಾಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ಹೊಲಿಗೆಯಾಕೆಯ ಮನೆ ತುಂಬಿಹೋಗುತ್ತಿತ್ತು. ಅವನ ಖಾಲಿ ಕುರ್ಚಿಯನ್ನು ನಡುವೆ ಇಟ್ಟು, ಸುತ್ತಲೂ ನಲವತ್ತು ಜನ. ಅವಳು ಟೀ ಕಾಸಿ ಕಾಸಿ ಹೈರಾಣಾದಳು. ಕುಂಟ ಜಿಂಕೆ ತೆರೆದಿದ್ದಾಗ ಅಲ್ಲಿಗೆ ಇದರ ಕಾಲುಭಾಗ ಜನ ಬಂದಿದ್ದರೂ ಅದು ಮುಚ್ಚುತ್ತಿರಲಿಲ್ಲ. ಗುಮಾಸ್ತ ನಿರ್ಣಯ ಓದುತ್ತಿದ್ದ, ಓದಿ ಕುರ್ಚಿಯ ಕಡೆ ನೋಡುತ್ತಿದ್ದ, ನೋಡಿ ಬರೆದುಕೊಳ್ಳುತ್ತಿದ್ದ: ಅಧ್ಯಕ್ಷರು ಮೌನದಿಂದ ಸಮ್ಮತಿಸಿದರು.

ಹೀಗೇ ಸೇತುವೆಯವನು ಹೋಗಿ ಹನ್ನೊಂದು ತಿಂಗಳಾಯಿತು. ಒಂದು ಭಾನುವಾರ ಹೊಲಿಗೆಯಾಕೆ ಟೀ ತಟ್ಟೆ ಕೆಳಗಿಟ್ಟು ಕೇಳಿದಳು:

"ಗುಮಾಸ್ತರೇ, ಒಂದೇ ಒಂದು ದಿನ ಆ ಬಾಗ್ಲು ತೆಗ್ಸಿ. ಇವರ ಲೋಟ ಮಗುಚಿಬಿಡೋಣ. ನಂಗೆ ಇವರಿಗೋಸ್ಕರ ಒಂದ್ಸಲ ಅಳ್ಬೇಕು."

ಗುಮಾಸ್ತ ಕನ್ನಡಕ ತೆಗೆದು ಒರೆಸಿದ.

"ತಾಯಿ, ಸ್ವಲ್ಪ ಯೋಚ್ನೆ ಮಾಡಿ. ಮುಚ್ಚಿರೋ ಪಬ್ಬನ್ನ ಉಳಿಸ್ಕೊಡಿ ಅಂತ ನಾವು ಅರ್ಜಿ ಹಾಕಿರೋದು. ಬಾಗ್ಲು ತೆಗೆದ್ರೆ ಅದು ಮುಚ್ಚಿದ ಪಬ್ಬು ಆಗೋದಿಲ್ಲ. ಅರ್ಜಿಗೇ ಧಕ್ಕೆ."

"ಹಾಗಾದ್ರೆ ಕಿಟಕೀಲಿ ಇಣುಕಿ ಲೋಟ ಆದ್ರೂ ಇದೆಯೋ ಇಲ್ವೋ ನೋಡಿ."

"ಇಣುಕೋದೂ ಕೂಡದು. ನೀವು ಇನ್ನೊಂದನ್ನೂ ನೋಡ್ಬೇಕು. ಪಬ್ಬು ಮುಚ್ಚಿದಾಗಿನಿಂದ ಈ ಊರಲ್ಲಿ ಒಂದೇ ಒಂದು ಸಾವು ಆಗಿಲ್ಲ. ಸುತ್ತ ಹತ್ತೂರಲ್ಲಿ ಯಾವೂರಿಗಿದೆ ಈ ಭಾಗ್ಯ?"

ಎಲ್ಲರೂ ತಲೆಯಾಡಿಸಿದರು. ಕುರ್ಚಿಯೂ ಮೌನದಿಂದ ಸಮ್ಮತಿಸಿತು. ಹೊಲಿಗೆಯಾಕೆಗೆ ಮೊದಲ ಬಾರಿಗೆ ತನ್ನ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು.

ಮರುದಿನ ಮಧ್ಯಾಹ್ನ, ಊರು ಉಂಡು ಮಲಗಿದ್ದ ಹೊತ್ತಿನಲ್ಲಿ, ಅವಳು ಹೆಗಲಿಗೆ ಚೀಲ ಹಾಕಿ, ಗಂಡನ ಹಾರೆ ತೆಗೆದುಕೊಂಡು ಕುಂಟ ಜಿಂಕೆಯ ಹಿಂಬಾಗಿಲಿಗೆ ಹೋದಳು. ಮೊಳೆ ಕೀಳುವುದು ಹೊಲಿಗೆ ಬಿಚ್ಚಿದಂತೆಯೇ. ಮೊದಲನೆಯದು ಬಂದರೆ ಉಳಿದವು ತಾವೇ ಬರುತ್ತವೆ. ಒಳಗೆ ಹುಳಿ ವಾಸನೆ, ಜೇಡರ ಬಲೆ, ಹಲಗೆಗಳ ಸಂದಿನಿಂದ ಬಿದ್ದ ಗೆರೆಗೆರೆ ಬಿಸಿಲು. ಅವಳು ಕಿಟಕಿಯ ಪಕ್ಕ ನಿಂತು ತಲೆಯೆತ್ತಿ ಎಣಿಸಿದಳು. ಒಂದು, ಎರಡು, ಮೂರು.

ಲೋಟವಿರಲಿಲ್ಲ. ನಲವತ್ತೊಂದು ಕೊಕ್ಕೆಯಲ್ಲಿ ಒಂದಕ್ಕೂ ಲೋಟವಿರಲಿಲ್ಲ. ಕೌಂಟರು ಇರಲಿಲ್ಲ, ಗಂಟೆ ಇರಲಿಲ್ಲ, ಬೆಂಚುಗಳಿರಲಿಲ್ಲ. ಗೋಡೆಗೆ ಚೀಟಿಯೊಂದನ್ನು ಅಂಟಿಸಿದ್ದರು: ಒಳಗಿನ ಸಾಮಾನೆಲ್ಲ ದೊಡ್ಡ ಪಟ್ಟಣದ ಗಾಜಿನ ಬಜಾರಿಗೆ ಸಾಗಿಸಲಾಗಿದೆ. ತಾರೀಕು ಹನ್ನೊಂದು ತಿಂಗಳು ಹಿಂದಿನದು. ಊರು ಇಷ್ಟು ದಿನ ಕೊರಳು ಹರಿಯುವಂತೆ ಕೂಗಿ ಉಳಿಸುತ್ತಿದ್ದದ್ದು ನಾಲ್ಕು ಗೋಡೆ ಮತ್ತು ಒಂದು ತೊಲೆ. ಅವಳು ಕೈಯೆತ್ತಿ ಮೂರನೆಯ ಕೊಕ್ಕೆಯನ್ನು ಮುಟ್ಟಿದಳು. ನಲವತ್ತು ಕೊಕ್ಕೆಗೆ ತುಕ್ಕು ಹಿಡಿದಿತ್ತು. ಅದೊಂದು ಮಾತ್ರ ತಿಕ್ಕಿ ತಿಕ್ಕಿ ಸೂಜಿಯ ಹಾಗೆ ಹೊಳೆಯುತ್ತಿತ್ತು.

ಅವಳು ಹಾರೆಯನ್ನು ಅಲ್ಲೇ ಒರಗಿಸಿ, ಮನೆಗೂ ಹೋಗದೆ, ದೊಡ್ಡ ಪಟ್ಟಣದ ಬಸ್ಸು ಹತ್ತಿದಳು. ಬಸ್ಸು ಸೇತುವೆ ದಾಟಿತು. ಅಡ್ಡಮರ ಎತ್ತಿದಂತೆಯೇ ನಿಂತಿತ್ತು, ಇಳಿಸುವವರಿರಲಿಲ್ಲ.

ಗಾಜಿನ ಬಜಾರು ಎಂದರೆ ಅಂಗಡಿಗಳ ಮೇಲೆ ಅಂಗಡಿ, ಅದರ ಮೇಲೆ ಮತ್ತೆ ಅಂಗಡಿ. ಮೂರನೆಯ ಅಂತಸ್ತಿನಲ್ಲಿ ತಾನೇ ತೆರೆದು ತಾನೇ ಮುಚ್ಚುವ ಬಾಗಿಲು. ಬಾಗಿಲ ಮೇಲೆ ಅದೇ ತೂಗುಹಲಗೆ. ಆದರೆ ಜಿಂಕೆಗೆ ಹೊಸ ಬಣ್ಣ ಬಳಿದು ನಾಲ್ಕೂ ಕಾಲು ನೆಲಕ್ಕೆ ತಾಗಿಸಿದ್ದರು. ಕುಂಟು ಕಂಡರೆ ಗಿರಾಕಿಗಳ ಮನಸ್ಸಿಗೆ ನೋವಾಗುತ್ತದಂತೆ. ಕೆಳಗೆ ಬರೆದಿತ್ತು: ನಿಜವಾದ ಹಳೆಯ ಪಬ್ಬು. ಒಳಗೆ ಒಂದು ಯಂತ್ರ ಬುಸುಬುಸು ಎಂದು ಮಂಜು ಬಿಡುತ್ತಿತ್ತು. ಸಾಲಾಗಿ ಕೂತ ಜನ ಆ ಮಂಜಿನಲ್ಲಿ ಖುಷಿಯಾಗಿ ಕೆಮ್ಮುತ್ತಿದ್ದರು. ಖಾಲಿ ಜಾಗವೇ ಇರಲಿಲ್ಲ.

ಕೌಂಟರಿನ ಹಿಂದೆ ಪಬ್ಬಿನ ಯಜಮಾನ ನಿಂತಿದ್ದ. ಅದೇ ಯಜಮಾನ. ಪಬ್ಬಿನ ಯಜಮಾನನ ವೇಷ ಹಾಕಿದ್ದ. ಅವನ ಸ್ವಂತ ಮೀಸೆ ಸಾಲದೆಂದು ಅದರ ಮೇಲೊಂದು ದಪ್ಪ ಮೀಸೆ ಅಂಟಿಸಿದ್ದರು.

"ಅಯ್ಯೋ, ನೀನಾ ತಂಗೀ?" ಎಂದು ಅವನು ಪಿಸುಗುಟ್ಟಿದ. "ಇಲ್ಲಿಗ್ಯಾಕೆ ಬಂದೆ? ಸೇತುವೆಯವ್ನು ಹೇಗಿದಾನೆ?"

"ಅದನ್ನೇ ಕೇಳೋಕೆ ಬಂದೆ ಅಣ್ಣ. ಸತ್ತು ಹನ್ನೊಂದು ತಿಂಗಳಾಯ್ತು. ಇನ್ನೂ ಸಾಯೋಕೆ ಬಿಟ್ಟಿಲ್ಲ."

ಯಜಮಾನನ ಕೈ ಕೌಂಟರಿನ ಮೇಲೆ ನಿಂತುಬಿಟ್ಟಿತು.

"ನಂಗೂ ಇಲ್ಲಿ ಅದೇ ಗತಿ," ಎಂದ. "ಗಂಟೆಗೊಂದ್ಸಲ ಗಂಟೆ ಬಡಿದು 'ಹೊತ್ತಾಯ್ತು, ಏಳಿ' ಅನ್ಬೇಕು. ಮೊದ್ಲನೇ ದಿನ ನಾನು ಹೇಳೋ ಹಾಗೇ ಹೇಳಿದೆ, ಎಲ್ರೂ ಎದ್ದು ಹೊರಟೇ ಹೋದ್ರು. ಮ್ಯಾನೇಜರು ಉಗಿದ. ಹೇಳ್ಬೇಕು, ಆದ್ರೆ ಯಾರೂ ಏಳ್ಬಾರ್ದು, ಹಾಗೆ ಹೇಳು ಅಂತ. ಈಗ ಅಭ್ಯಾಸ ಆಗಿದೆ. ಹೇಳಿದ್ರೆ ಚಪ್ಪಾಳೆ ತಟ್ತಾರೆ."

"ಅವರ ಲೋಟ ಎಲ್ಲಿ?"

ಅವನು ಮೇಲೆ ನೋಡಿದ. ಹೊಸ ತೊಲೆ, ಹೊಸ ಕೊಕ್ಕೆ, ನಲವತ್ತೊಂದು ಲೋಟ. ನೋಡುತ್ತಾ ನೋಡುತ್ತಾ ಅವನ ಮುಖ ಸಪ್ಪೆಯಾಯಿತು.

"ನನ್ನ ಕೈಗೆ ಗೊತ್ತಿದ್ದದ್ದು ಕೊಕ್ಕೆ ಕಣಮ್ಮ, ಲೋಟ ಅಲ್ಲ. ಕಿಟಕಿಯಿಂದ ಮೂರ್ನೇದು ಅಂದ್ರೆ ಅವ್ನು. ಇಲ್ಲಿ ಕಿಟಕಿಯೇ ಇಲ್ವಲ್ಲ."

ಹೆಸರು ಬರೆಯದ ಊರಿನ ಜಾಣತನ ಹೀಗೆ ಮೂರನೆಯ ಅಂತಸ್ತಿನಲ್ಲಿ ಬಂದು ನಿಂತಿತು. ಹಿಡಿ ಸವೆದದ್ದನ್ನು ನೋಡಿ ಗುರುತಿಸೋಣವೆಂದರೆ ಎಲ್ಲ ಲೋಟಗಳಿಗೂ ಎಣ್ಣೆ ಹಚ್ಚಿ ತಿಕ್ಕಿ ಸಮನಾಗಿ ಹೊಳೆಯಿಸಿದ್ದರು. ಅಂಚು ಸಿಡಿದದ್ದನ್ನು ಹುಡುಕೋಣವೆಂದರೆ, ಸಿಡಿದಷ್ಟೂ ಹಳೆಯದಾಗಿ ಕಾಣುತ್ತದೆಂದು ಮ್ಯಾನೇಜರು ಒಂದೊಂದಕ್ಕೂ ಸುತ್ತಿಗೆ ತಾಗಿಸಿ ಅಂಚು ಒಡೆಸಿದ್ದ.

ಯಜಮಾನ ದನಿ ತಗ್ಗಿಸಿ ಹೇಳಿದ. "ಯಾವ್ದಾದ್ರೂ ಒಂದನ್ನ ಮಗುಚಿಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಇವರಿಗೆ ಗೊತ್ತಾಗುತ್ತೆ," ಎಂದಳು ಹೊಲಿಗೆಯಾಕೆ. "ಬೇರೆಯವರ ಲೋಟ ಮಗುಚಿದ್ರೆ ಇವರು ಮಂಜಲ್ಲೇ ಉಳ್ಕೋತಾರೆ. ಬದುಕಿರೋ ಒಬ್ಬನ್ನ ಸಾಯಿಸಿದ ಪಾಪ ಬೇರೆ. ಗುಮಾಸ್ತರದ್ದೇ ಆಗಿದ್ರೆ?"

"ಹಾಗೇನಾದ್ರೂ ಆದ್ರೆ ಮೂರರ ಬದ್ಲು ಆರು ಸಲ ಗಂಟೆ ಬಡಿತೀನಿ," ಎಂದ ಯಜಮಾನ.

ಅವಳು ನಗಲಿಲ್ಲ. ತಲೆಯೆತ್ತಿ ಲೋಟಗಳನ್ನೇ ನೋಡುತ್ತಿದ್ದಳು. ಗಂಡನ ತುಟಿಯ ಗಂಟು ಅವಳಿಗೆ ನೆನಪಾಯಿತು. ಕಣ್ಣಿಗೆ ಕಾಣದ್ದು ತುಟಿಗೆ ತಿಳಿದೀತು.

"ಇಳಿಸಣ್ಣ," ಎಂದಳು. "ಒಂದೊಂದಾಗಿ ಇಳಿಸು."

ಯಜಮಾನ ಒಂದು ಲೋಟ ಇಳಿಸಿಕೊಟ್ಟ. ಅವಳು ಕುಡಿಯುವವಳಂತೆ ಅದನ್ನು ಬಲಗೈಯಲ್ಲಿ ಹಿಡಿದು ಬಾಯಿಗಿಟ್ಟಳು. ಹೊಸ ಒಡಕು ಚುಚ್ಚಿತು. ಅಲ್ಲ. ಎರಡನೆಯದೂ ಚುಚ್ಚಿತು. ಮೂರನೆಯದು ಚುಚ್ಚಲಿಲ್ಲ, ಬರೀ ನುಣುಪು. ಊರಿನ ನಲವತ್ತು ಗಂಡಸರ ಲೋಟಕ್ಕೆ ಸೇತುವೆಯವನ ಹೆಂಡತಿ ತುಟಿಯಿಟ್ಟಳೆಂದು ಊರಿನಲ್ಲಿ ತಿಳಿದಿದ್ದರೆ ಏನಾಗುತ್ತಿತ್ತೋ. ಇಲ್ಲಿ ಅದೊಂದು ಆಟವೆಂದುಕೊಂಡು ಗಿರಾಕಿಗಳು ಗಟ್ಟಿಯಾಗಿ ಎಣಿಸತೊಡಗಿದರು. ಮ್ಯಾನೇಜರು ಬಾಗಿಲಲ್ಲಿ ನಿಂತು ನೋಡಿದ. ಜನಕ್ಕೆ ಖುಷಿಯಾಗಿದೆ ಎಂದರೆ ಅವನಿಗೂ ಖುಷಿ, ಸುಮ್ಮನಾದ. ಇಪ್ಪತ್ತು, ಮೂವತ್ತು, ನಲವತ್ತು. ಅವಳ ತುಟಿಯಲ್ಲಿ ನಾಲ್ಕೈದು ಕಡೆ ರಕ್ತ ಜಿನುಗಿತು. ನಲವತ್ತೊಂದು. ಅದೂ ಅಲ್ಲ.

ಹೊಲಿಗೆಯಾಕೆ ಕೌಂಟರಿಗೆ ಒರಗಿದಳು. ಗಂಟಲಿಗೆ ಬಂದ ಅಳುವನ್ನು ಇನ್ನೊಮ್ಮೆ ನುಂಗಬೇಕಾಯಿತು. ನುಂಗಿ, ತುಟಿಯ ರಕ್ತವನ್ನು ತೋಳಿನ ಅಂಚಿಗೆ ಒರೆಸಿಕೊಂಡಳು. ತೋಳಿನ ಮೇಲೆ ಕಲೆಯಾಯಿತು. ಆ ಕಲೆಯನ್ನೇ ನೋಡುತ್ತ ನಿಂತಳು.

ಅವನ ಕಲೆ ಎಡತೋಳಿನಲ್ಲಿ.

ಬಲಗೈಯಲ್ಲಿ ಅಡ್ಡಮರ ಎತ್ತಿ ಎತ್ತಿ ಅವನ ಬಲಭುಜ ಸತ್ತುಹೋಗಿತ್ತು. ಸಂಜೆಯ ಹೊತ್ತಿಗೆ ಆ ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಅವನು ಕುಡಿಯುತ್ತಿದ್ದದ್ದು ಎಡಗೈಯಲ್ಲಿ. ಎಡಗೈಯಲ್ಲಿ ಹಿಡಿದರೆ ತುಟಿಗೆ ತಾಗುವುದು ಲೋಟದ ಆಚೆಯ ಅಂಚು. ಮೂವತ್ತು ವರ್ಷ ಆ ತೋಳನ್ನು ಉಜ್ಜಿದವಳಿಗೆ ಇದು ಹೊಳೆಯಲು ಒಂದು ಹನಿ ರಕ್ತ ಬೇಕಾಯಿತು.

"ಅಣ್ಣ, ಇನ್ನೊಂದ್ಸಲ ಇಳಿಸು," ಎಂದಳು, ಎಡಗೈ ಚಾಚಿದಳು.

ಈ ಸಲ ಹದಿನಾರನೆಯದಕ್ಕೆ ಅವಳ ಕೈ ನಿಂತಿತು. ಅದು ಚುಚ್ಚಲಿಲ್ಲ. ನುಣುಪೂ ಅಲ್ಲ. ಅಂಚಿನಲ್ಲೊಂದು ತಗ್ಗು, ಜೋಳದ ಕಾಳಿನಷ್ಟು, ದಿನವೂ ಒಂದೇ ತುಟಿ ತಾಗಿ ತಾಗಿ ಹದವಾದದ್ದು. ಅವಳ ಕೆಳತುಟಿ ಅದರೊಳಗೆ ಹೋಗಿ ಕೂತಿತು. ಆ ಗಂಟನ್ನು ಅವಳ ತುಟಿ ಮೂವತ್ತು ವರ್ಷದಿಂದ ಬಲ್ಲದು. ಈಗ ಗಂಟಿರಲಿಲ್ಲ, ಗಂಟಿನ ಮನೆ ಇತ್ತು. ಅವಳು ಕಣ್ಣು ಮುಚ್ಚಿಕೊಂಡು ಸವತಿಯನ್ನು ಬಾಯಿಂದ ತೆಗೆಯದೆ ಹಾಗೆಯೇ ನಿಂತಳು.

ಯಜಮಾನ ಅವಳ ಕೈಯಿಂದ ಲೋಟ ತೆಗೆದುಕೊಂಡು ಬಿಯರು ತುಂಬಿದ. ಅವಳು ಒಂದು ಗುಟುಕು ಕುಡಿದಳು. ಜೀವನದಲ್ಲಿ ಮೊದಲ ಗುಟುಕು, ಕಹಿಯಾಗಿತ್ತು. ಇದಕ್ಕಾಗಿಯೇ ಇಷ್ಟು ವರ್ಷವೇ ಎಂದುಕೊಂಡಳು. ಯಜಮಾನ ಒಂದು ಗುಟುಕು ಕುಡಿದ. ಅಂಟಿಸಿದ ಮೀಸೆ ಕಳಚಿ ನೊರೆಯಲ್ಲಿ ಬಿತ್ತು, ಅದನ್ನು ಬೆರಳಿಂದ ತೆಗೆದು ಬಿಸಾಡಿದ. ಉಳಿದ ನಲವತ್ತು ಗುಟುಕಿಗೆ ಜನರೆಲ್ಲಿ? ಹತ್ತಿರದ ಮೇಜಿನ ಮುದುಕನೊಬ್ಬ, ಏನು ತಿಳಿಯಿತೋ, ಕೈ ಚಾಚಿದ. ಅವನ ಪಕ್ಕದವಳೂ ಚಾಚಿದಳು. ಲೋಟ ಮೇಜಿಂದ ಮೇಜಿಗೆ ಹೋಯಿತು. ನಗುತ್ತಾ ತೆಗೆದುಕೊಂಡವರು ನಗದೆ ಮುಂದೆ ಕೊಟ್ಟರು. ಅದು ಮರಳಿ ಬಂದಾಗ ತಳದಲ್ಲಿ ಒಂದೇ ಗುಟುಕು ಉಳಿದಿತ್ತು.

ಬಜಾರಿನ ಬಾಗಿಲಿಗೆ ಹೊಸ್ತಿಲಿರಲಿಲ್ಲ, ಗಾಜು ಜಾರುವ ಒಂದು ಗೆರೆ ಮಾತ್ರ. ಹೊಲಿಗೆಯಾಕೆ ಅದರಿಂದ ಎರಡು ಹೆಜ್ಜೆ ಈಚೆಗೇ ನಿಂತು ಬಗ್ಗಿ ಕೊನೆಯ ಗುಟುಕನ್ನು ಆ ಗೆರೆಯ ಕಡೆಗೆ ಸುರಿದಳು. ಹಿಂದೆ ಬಂದು ಲೋಟವನ್ನು ಕೌಂಟರಿನ ಮೇಲೆ ಮಗುಚಿಟ್ಟಳು. ಯಜಮಾನ ಗಂಟೆಯನ್ನು ಒಂದು ಸಲ ಬಡಿದ. ಎರಡು ಸಲ. ಮೂರು ಸಲ.

"ಹೊತ್ತಾಯ್ತು, ಏಳಿ."

ಅಭ್ಯಾಸ ಮಾಡಿಕೊಂಡ ದನಿಯಲ್ಲ, ಹಳೆಯ ದನಿಯಲ್ಲಿ ಹೇಳಿದ. ಚಪ್ಪಾಳೆ ಬರಲಿಲ್ಲ. ಕೂತವರೆಲ್ಲ, ಯಾಕೆಂದು ತಿಳಿಯದೆಯೇ, ಎದ್ದು ನಿಂತರು. ಆಗ ಬಾಗಿಲು ತಾನೇ ತೆರೆಯಿತು. ಅದರ ಹತ್ತಿರ ಯಾರೂ ಇರಲಿಲ್ಲ. ಒಬ್ಬ ಮನುಷ್ಯ ನಿಧಾನವಾಗಿ ದಾಟುವಷ್ಟು ಹೊತ್ತು ತೆರೆದೇ ಇದ್ದು, ಮತ್ತೆ ತಾನೇ ಮುಚ್ಚಿಕೊಂಡಿತು.

ಹೊಲಿಗೆಯಾಕೆ ಅತ್ತಳು. ಹನ್ನೊಂದು ತಿಂಗಳ ಅಳುವನ್ನು ಒಂದೇ ಸಲ, ದನಿ ತೆಗೆದು, ಸೆರಗಿನಿಂದ ಮುಖ ಮುಚ್ಚದೆ ಅತ್ತಳು. ಅತ್ತು ಮುಗಿಯುವ ತನಕ ಯಾರೂ ಕೂರಲಿಲ್ಲ. ಮ್ಯಾನೇಜರು ಮೆಲ್ಲನೆ ಹತ್ತಿರ ಬಂದು ಕೇಳಿದ:

"ಬಹಳ ಚೆನ್ನಾಗಿತ್ತಮ್ಮ. ಮುಂದಿನ ಆಟ ಎಷ್ಟು ಗಂಟೆಗೆ?"

"ಇದು ಒಂದೇ 'ಆಟ' ಸ್ವಾಮಿ," ಎಂದ ಯಜಮಾನ, ಲೋಟವನ್ನು ಅವಳ ಚೀಲದಲ್ಲಿಡುತ್ತ.

ಊರಿಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಆ ಭಾನುವಾರ ಸಮಿತಿ ಅವಳ ಮನೆಯ ಹೊರಗೆ ಚಪ್ಪರದ ಕೆಳಗೆ ನಿಂತೇ ಎರಡು ತಾಸು ಚರ್ಚೆ ಮಾಡಿತು. ಪಬ್ಬು ಖಾಲಿಯೆಂಬುದು ಯಾರಿಗೂ ಅಷ್ಟು ದೊಡ್ಡ ವಿಷಯವೆನ್ನಿಸಲಿಲ್ಲ. ಉಳಿಸುವುದಕ್ಕೆ ಖಾಲಿಯಾದರೇನು, ತುಂಬಿದ್ದರೇನು. ಆದರೆ ಅಧ್ಯಕ್ಷರು? ಊರಾಚೆ, ಮೂರನೆಯ ಅಂತಸ್ತಿನಲ್ಲಿ, ಹೆಂಗಸು ಮಗುಚಿದ ಲೋಟ ಕಟ್ಟಳೆಗೆ ಸಲ್ಲುತ್ತದೆಯೇ? ಸಲ್ಲುತ್ತದೆ ಎಂದರೆ ಹೊಸ ಅಧ್ಯಕ್ಷರನ್ನು ಆರಿಸಬೇಕು. ಇಂಥ ಸುಸೂತ್ರವಾದ ಅಧ್ಯಕ್ಷರು ಮತ್ತೆ ಸಿಗುತ್ತಾರೆಯೇ? ಕೊನೆಗೆ ಗುಮಾಸ್ತ ಒಂದು ದಾರಿ ಹುಡುಕಿದ. ನಲವತ್ತು ಜನರೂ ಒಳಗೆ ಬಂದು ತಂತಮ್ಮ ಜಾಗದಲ್ಲಿ ಕೂತ ಮೇಲೆ, ಎದ್ದು ನಿಂತು ಓದಿದ:

"ಮಾನ್ಯ ಅಧ್ಯಕ್ಷರು ಬದುಕಿರುತ್ತಾರೆ. ಅವರ ಪತ್ನಿಯವರು ವಿಧವೆಯಾಗಿರುತ್ತಾರೆ. ಎರಡೂ ಸರಿಯೆಂದು ಸಭೆ ತೀರ್ಮಾನಿಸಿದೆ."

ಓದಿ, ಕೂತು, ಸಮ್ಮತಿಗಾಗಿ ಕುರ್ಚಿಯ ಕಡೆ ನೋಡಿದ. ಆಗ ಅವನಿಗೆ ಕಾಣಿಸಿತು: ಕುರ್ಚಿಯ ಮೇಲೆ ಒಂದು ಕಂದು ಲೋಟ, ಮಗುಚಿಟ್ಟದ್ದು.

ಅವತ್ತು ಮನೆಯಲ್ಲಿ ಟೀ ಕಾಯುವ ವಾಸನೆ ಇರಲಿಲ್ಲ. ಹೊಲಿಗೆಯಾಕೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವಳ ಕೆಳತುಟಿಯಲ್ಲಿ ಗಾಯ ಇನ್ನೂ ಮಾಯ್ದಿರಲಿಲ್ಲ. ಗಂಟೆಯಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಹೊತ್ತಾಯ್ತು, ಏಳಿ," ಎಂದಳು.

ನಲವತ್ತು ಜೋಡಿ ಮಂಡಿಗಳು ತಾವಾಗಿ ನೆಟ್ಟಗಾದವು. ಬೇಡವೆನ್ನಲು ಬಾಯಿ ತೆರೆದವರೂ ಎದ್ದಾಗಿತ್ತು. ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿ ಹೊಸ್ತಿಲು ದಾಟಿದರು. ಗುಮಾಸ್ತ ಎಲ್ಲರಿಗಿಂತ ಹಿಂದೆ, ನಿರ್ಣಯದ ಕಾಗದವನ್ನು ಎದೆಗೆ ಅವುಚಿಕೊಂಡು, ಹೊಸ್ತಿಲಲ್ಲಿ ತಿರುಗಿ ಕೇಳಿದ:

"ಮತ್ತೆ... ಅಧ್ಯಕ್ಷರು?"

"ಅವರು ನಿಮ್ಮ ಹಾಗಲ್ಲ ಗುಮಾಸ್ತರೇ," ಎಂದಳು ಅವಳು. "ಹೊತ್ತಾಯ್ತು ಅಂದ ಕೂಡ್ಲೇ ಎದ್ದು ಹೋದ್ರು."